ಬಸ್ಸಿನ ಮೇಡಂ ಹೆಸರಿಗೆ ಸೇರಿದ್ದ ಬಾವಿ ನೀರಿನ ಪ್ರಬಂಧಗಳು

ಪ್ರಿನ್ಸಿಪಾಲರು ಕರೆಸಿ ಕೆಲಸ ಹೇಳಿದಾಗ ಅದು ದೊಡ್ಡದೇನಲ್ಲ ಅನ್ನಿಸಿತ್ತು. "ಹೋದ ಸಲದ ವರದಿ ಇದೆಯಲ್ಲ, ಅದನ್ನೇ ಈ ವರ್ಷಕ್ಕೆ ಹೊಂದಿಸಿ ಕೊಡಿ ಮೇಡಂ. ಕೊನೆಯಲ್ಲಿ ನಿಮ್ಮ ಸಹಿ ಬೇಕು," ಎಂದರು. ರಾಮನಗರ ದಾಟಿ ಮೈಸೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಆಗ ಗ್ರಂಥಪಾಲಕಿಯಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೋದ ಸಲದ ವರದಿಯನ್ನು ಮಾಡಿದವರು ನನಗಿಂತ ಹಿಂದೆ ಇದ್ದವರು.

ನಮ್ಮ ಸಿವಿಲ್ ವಿಭಾಗದಲ್ಲೊಂದು ಸಂಶೋಧನಾ ಕೇಂದ್ರವಿತ್ತು. ಅದರ ಮಾನ್ಯತೆ ನವೀಕರಿಸಲು ವಿಶ್ವವಿದ್ಯಾಲಯದ ಸಮಿತಿ ಬರುವುದಿತ್ತು. ಕೇಂದ್ರ ಎಂದರೆ ಒಬ್ಬ ಪ್ರೊಫೆಸರು, ಒಂದು ಕೋಣೆ, ನಾಲ್ಕು ಕಂಪ್ಯೂಟರು. ಆ ಪ್ರೊಫೆಸರು ಸಾರಿಗೆಯ ಗಣಿತ ಮಾಡುವವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಡುವೆ ಯಾವ ಹೊತ್ತಿನಲ್ಲಿ ಎಷ್ಟು ಜನ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಒಂದು ಬಸ್ಸು ಹೆಚ್ಚಿಸಿದರೆ ಏನಾಗುತ್ತದೆ, ತೆಗೆದರೆ ಏನಾಗುತ್ತದೆ ಎನ್ನುವುದನ್ನು ಮುಂಚಿತವಾಗಿ ಅಂದಾಜು ಮಾಡುವ ಮಾದರಿಗಳು ಅವರವು. ವಿದ್ಯಾರ್ಥಿಗಳು ಅವರನ್ನು ಬಸ್ ಮೇಡಂ ಎನ್ನುತ್ತಿದ್ದರು. ಮರಳವಾಡಿ ಕಡೆಯ ರೈತರ ಮನೆಯಿಂದ ಬಂದವರು. ಪಾಠ ಮಾಡುವಾಗ ಶುದ್ಧ ಪುಸ್ತಕದ ಮಾತು, ಕ್ಲಾಸಿನಿಂದ ಹೊರಗೆ ಬಂದರೆ ಊರಿನ ಮಾತು.

ನಾನು ಮಾಡಬೇಕಿದ್ದುದು ಅವರ ಪ್ರಬಂಧಗಳ ಲೆಕ್ಕ. ಅವರ ಪ್ರಬಂಧಗಳನ್ನು ಬೇರೆಯವರು ತಮ್ಮ ಬರಹದಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ, ಅವರು ಯಾರ ಯಾರ ಜೊತೆ ಸೇರಿ ಬರೆದಿದ್ದಾರೆ ಎನ್ನುವುದು. ಅದರಲ್ಲಿ ಎಲ್ಲರ ಕಣ್ಣೂ ಎಚ್-ಇಂಡೆಕ್ಸ್ ಎನ್ನುವ ಒಂದು ಸಂಖ್ಯೆಯ ಮೇಲೆ. ಒಬ್ಬರ ಹತ್ತು ಪ್ರಬಂಧಗಳಿಗೆ ತಲಾ ಹತ್ತಾದರೂ ಉಲ್ಲೇಖ ಸಿಕ್ಕಿದ್ದರೆ ಅವರ ಎಚ್-ಇಂಡೆಕ್ಸ್ ಹತ್ತು. ಹೋದ ವರದಿಯಲ್ಲಿ ಮೇಡಂ ಅವರದು ಹನ್ನೆರಡು ಎಂದಿತ್ತು. ಹತ್ತಕ್ಕಿಂತ ಕೆಳಗಿದ್ದರೆ ಸಮಿತಿ ಹುಳುಕು ಹುಡುಕುತ್ತದೆ ಎನ್ನುವುದು ಕಾಲೇಜಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಮೇಡಂ ಕೈಕೆಳಗೆ ಕನಕಪುರದ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡುತ್ತಿದ್ದಳು, ಮಹಾಪ್ರಬಂಧ ಒಪ್ಪಿಸುವ ಹಂತಕ್ಕೆ ಬಂದಿದ್ದಳು. ಕೇಂದ್ರದ ಮಾನ್ಯತೆ ಹೋದರೆ ಅವಳು ಬೇರೆ ಕಡೆ ಮೊದಲಿನಿಂದ ಹೆಸರು ನೋಂದಾಯಿಸಬೇಕಾಗುತ್ತಿತ್ತು. ನನ್ನ ಕೆಲಸವನ್ನು ಮುಂದುವರಿಸುವ ಕಾಗದವೂ ಅದೇ ತಿಂಗಳು ಪ್ರಿನ್ಸಿಪಾಲರ ಮೇಜಿನ ಮೇಲಿತ್ತು.

ಮೊದಲು ಮೂರು ಕಡೆಯಿಂದ ಪಟ್ಟಿ ಇಳಿಸಿಕೊಂಡೆ. ಒಂದು ಪುಕ್ಕಟೆ ಸಿಗುವ ಹುಡುಕುತಾಣ, ದುಡ್ಡು ಕಟ್ಟಿ ನೋಡುವ ಎರಡು ಸೂಚಿಗಳು, ಅಂದರೆ ಯಾವ ಪ್ರಬಂಧ ಯಾರದು ಎಂದು ಲೇಖಕರ ಹೆಸರಿನಡಿ ಪಟ್ಟಿ ಇಡುವ ತಾಣಗಳು. ಒಂದೇ ಪ್ರಬಂಧ ಎರಡೆರಡು ಸಲ ಬಂದಿದ್ದರೆ ಶೀರ್ಷಿಕೆ ಹೋಲಿಸಿ ಒಂದು ಮಾಡಿದೆ. ಲೇಖಕರೇ ತಮ್ಮ ಹಳೆಯ ಬರಹವನ್ನು ಉಲ್ಲೇಖಿಸಿಕೊಂಡದ್ದನ್ನು ಬೇರೆ ತೆಗೆದೆ. ಇದೆಲ್ಲ ತಾಳ್ಮೆಯ ಕೆಲಸ, ಹೆದರುವಂಥದ್ದೇನೂ ಇರಲಿಲ್ಲ.

ಹೆದರಿಕೆ ಶುರುವಾದದ್ದು ಸಹಲೇಖಕರ ನಕ್ಷೆ ಮಾಡಿದಾಗ. ಅದಕ್ಕೊಂದು ತಂತ್ರಾಂಶವಿದೆ. ಪ್ರತಿ ಲೇಖಕರೂ ಒಂದೊಂದು ಚುಕ್ಕೆ. ಇಬ್ಬರು ಸೇರಿ ಬರೆದಿದ್ದರೆ ಅವರ ನಡುವೆ ಒಂದು ಗೆರೆ. ಸಾಮಾನ್ಯವಾಗಿ ಅದು ಹೆಣೆದ ಬಲೆಯ ಹಾಗೆ ಕಾಣುತ್ತದೆ, ಏಕೆಂದರೆ ಒಬ್ಬರ ಜೊತೆಗಾರರು ತಮ್ಮ ತಮ್ಮಲ್ಲೂ ಕೂಡಿ ಬರೆದಿರುತ್ತಾರೆ. ಮೇಡಂ ನಕ್ಷೆಯಲ್ಲಿ ಎರಡು ಗುಂಪುಗಳು ಬಂದವು. ನಡುವೆ ಮೇಡಂ ಒಬ್ಬರೇ. ಅವರ ಚುಕ್ಕೆಯನ್ನು ತೆಗೆದು ನೋಡಿದರೆ ಎರಡೂ ಗುಂಪುಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ಗುಂಪಿನ ಪ್ರಬಂಧಗಳಲ್ಲಿ ಬಸ್ಸು, ಪ್ರಯಾಣ, ನಿಲ್ದಾಣ. ಇನ್ನೊಂದರಲ್ಲಿ ನೈಟ್ರೇಟು, ತೆರೆದ ಬಾವಿ, ಅಂತರ್ಜಲ.

ಎರಡಕ್ಕೂ ಸಮಾನವಾಗಿದ್ದದ್ದು 'ಟ್ರಾನ್ಸ್‌ಪೋರ್ಟ್ ಮಾಡೆಲ್' ಎನ್ನುವ ಮಾತು. ಮಣ್ಣಿನೊಳಗೆ ನೀರಿನ ಜೊತೆ ವಿಷ ಹೇಗೆ ಸಾಗುತ್ತದೆ ಎಂದು ಲೆಕ್ಕ ಹಾಕುವುದಕ್ಕೂ ಅದೇ ಹೆಸರಂತೆ. ಆ ಎರಡನೇ ಗುಂಪಿನ ಆರೂ ಪ್ರಬಂಧಗಳನ್ನು ತೆರೆದು ಮೊದಲ ಪುಟ ನೋಡಿದೆ. ಲೇಖಕರ ಹೆಸರು ಮೇಡಂ ಹೆಸರಿನಂತೆಯೇ ಇತ್ತು, ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ವಿಳಾಸ ಮಾತ್ರ ಉತ್ತರದ ಜಿಲ್ಲೆಯೊಂದರ ಕಾಲೇಜಿನದು.

ಮೇಡಂ ಮದುವೆಯಾದ ಮೇಲೆ ತಮ್ಮ ಹೆಸರನ್ನು ಒಂದು ಇನಿಶಿಯಲ್ಲಿಗೆ ಇಳಿಸಿ, ಮುಂದೆ ಗಂಡನ ಹೆಸರು ಹಾಕಿಕೊಂಡಿದ್ದರು. ಆ ಹೆಸರು ನಮ್ಮ ಕಡೆ ಬೀದಿಗೊಬ್ಬರಿಗೆ ಇರುವಂಥದ್ದು. ಬಾವಿ ನೀರಿನ ಬಗ್ಗೆ ಬರೆದ ಗಂಡಸಿಗೂ ಅದೇ ಹೆಸರು, ಅವನ ಊರಿನ ಮೊದಲ ಅಕ್ಷರವೂ ಮೇಡಂ ಅವರ ಇನಿಶಿಯಲ್ಲೇ. ಯಂತ್ರ ಇಬ್ಬರನ್ನೂ ಒಂದು ಮಾಡಿತ್ತು. ಮೇಡಂ ಅವರಿಗೆ ಅತಿ ಹೆಚ್ಚು ಉಲ್ಲೇಖ ತಂದುಕೊಟ್ಟಿದ್ದದ್ದೇ ಆ ಬಾವಿ ನೀರಿನ ಪ್ರಬಂಧಗಳು. ಅವನ್ನು ತೆಗೆದು ಮತ್ತೆ ಎಣಿಸಿದೆ. ಎಚ್-ಇಂಡೆಕ್ಸ್ ಎಂಟಕ್ಕೆ ಬಂತು. ಎಲ್ಲೋ ತಪ್ಪಿದೆನೇನೋ ಎಂದು ಇನ್ನೊಮ್ಮೆ ಎಣಿಸಿದೆ. ಎಂಟೇ.

ಆ ಸಂಜೆ ಚನ್ನಪಟ್ಟಣಕ್ಕೆ ಹೋಗುವ ರೈಲಿನಲ್ಲಿ ನಿಂತವಳಿಗೆ ಒಂದೇ ಯೋಚನೆ. ಮೇಡಂ ಅವರಿಗೆ ಇದು ಗೊತ್ತೋ, ಇಲ್ಲವೋ? ಗೊತ್ತಿದ್ದರೆ ನಾನು ಅವರ ಮುಖ ಹೇಗೆ ನೋಡಲಿ? ಗೊತ್ತಿಲ್ಲದಿದ್ದರೆ ಹೇಗೆ ಹೇಳಲಿ? ಮನೆಯಲ್ಲಿ ಗಂಡನ ಮುಂದೆ ಹೇಳಿಕೊಂಡೆ. ಅವರು ಹೈಸ್ಕೂಲ್ ಮೇಷ್ಟ್ರು. ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿಯುತ್ತ, "ಕೆಲ್ಸ ಹೋದ್ರೆ ಹೋಗ್ಲಿ ಅನ್ನಕ್ಕೆ ನಂಗೆ ಧೈರ್ಯ ಇಲ್ಲ ಕಣೆ. ಸುಳ್ಳು ಬರಿ ಅನ್ನಕ್ಕೂ ಬಾಯಿ ಬರಕಿಲ್ಲ. ಏನ್ ಮಾಡ್ತೀಯೋ ನೋಡು," ಎಂದರು.

ಮರುದಿನ ಪ್ರಿನ್ಸಿಪಾಲರಿಗೆ ನಕ್ಷೆ ತೋರಿಸಿದೆ. ಅವರು ಅದನ್ನು ಓರೆಯಾಗಿ ನೋಡಿ ಪಕ್ಕಕ್ಕಿಟ್ಟರು.

"ಇದನ್ನ ನಾವು ಸೇರಿಸಿದ್ದಾ?"

"ಇಲ್ಲ ಸರ್. ಅದೇ ಸೇರಿಕೊಂಡಿದೆ."

"ಅಲ್ವಾ? ಹಂಗಾದ್ರೆ ಸೂಚಿಯಲ್ಲಿ ಇದ್ದಂತೆ ಅಂತ ಒಂದು ಸಾಲು ಬರೀರಿ, ಹನ್ನೆರಡು ಅಂತ ಹಾಕಿ. ಸೂಚಿಯಲ್ಲಿ ಹನ್ನೆರಡು ಇರೋದು ನಿಜ ತಾನೇ? ಇದರಲ್ಲಿ ಸುಳ್ಳೇನಿದೆ?"

ಅವರ ಮಾತಿನಲ್ಲಿ ನಿಜಕ್ಕೂ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿತು. ಲೈಬ್ರರಿಗೆ ಬಂದು ಆ ಸಾಲನ್ನು ಟೈಪು ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಕೆಳಗೆ ನನ್ನ ಹೆಸರು ಬರುವ ಜಾಗ ಖಾಲಿ ಇತ್ತು.

ಮೇಡಂ ಆ ವಾರವೆಲ್ಲ ಕಾಲೇಜಿಗೆ ಬಂದಿರಲಿಲ್ಲ. ಮಾಗಡಿಯಲ್ಲಿ ನಿಂತು ಸಾವನದುರ್ಗಕ್ಕೆ ಹೋಗಿಬರುವ ಜನರ ಸರ್ವೆ ಮಾಡುತ್ತಿದ್ದರು. ಫೋನಿನಲ್ಲಿ ಹೇಳುವ ವಿಷಯವಲ್ಲ ಎನ್ನಿಸಿ ಭಾನುವಾರ ನಾನೇ ಮಾಗಡಿಗೆ ಹೋದೆ. ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ. ಬೆಟ್ಟ ಹತ್ತಲು ಹೊರಟ ಹುಡುಗರು, ದೇವಸ್ಥಾನಕ್ಕೆ ಹೊರಟ ಕುಟುಂಬಗಳು. ಮೇಡಂ ಕಂಬದ ಪಕ್ಕ ನಿಂತು, ಬಸ್ಸು ಸಿಕ್ಕದೆ ಆಟೋ ಹತ್ತುವವರನ್ನು ಎಣಿಸುತ್ತಿದ್ದರು. ನನ್ನನ್ನು ಕಂಡವರೇ, "ಏನಮ್ಮಾ, ನೀನೂ ಬೆಟ್ಟ ಹತ್ತಕ್ಕೆ ಬಂದ್ಯಾ? ಒಸಿ ತಡಿ, ಈ ಬಸ್ಸೊಂದು ಹೋಗ್ಲಿ," ಎಂದರು.

ಬಸ್ಸು ಹೋಯಿತು. ಪಕ್ಕದ ಹೋಟೆಲಿನಲ್ಲಿ ಕೂತೆವು. ಕಾಫಿ ಬರುವ ಮೊದಲೇ ನಕ್ಷೆಯನ್ನು ಅವರ ಮುಂದಿಟ್ಟು, ತಡವರಿಸುತ್ತ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಚುಕ್ಕೆಗಳ ಹೆಸರನ್ನು ಒಂದೊಂದಾಗಿ ಓದಿದರು. ಎಡಗಡೆಯ ಗುಂಪನ್ನು ಓದುವಾಗ ಮುಖ ಅರಳಿತ್ತು, ಎಲ್ಲ ಅವರ ಹಳೆಯ ವಿದ್ಯಾರ್ಥಿಗಳು. ಬಲಗಡೆಗೆ ಬಂದಾಗ ಬೆರಳು ನಿಂತಿತು.

"ಇವ್ರು ಯಾರೂ ನಂಗೆ ಗೊತ್ತಿಲ್ಲ ಕಣಮ್ಮ."

ನನಗೆ ಉಸಿರು ಬಂದ ಹಾಗಾಯಿತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ.

"ಗೊತ್ತಿರ್ನಿಲ್ಲ ಅಂದ್ಬುಟ್ರೆ ಪೂರ್ತಿ ನಿಜ ಆಗಲ್ಲ. ಎರಡು ವರ್ಸದ ಕೆಳಗೆ ನಂಬರ್ರು ಇದ್ದಕ್ಕಿದ್ದಂಗೆ ಏರ್ತು. ನೋಡ್ದೆ. ಪರವಾಗಿಲ್ವೇ, ಈಗ್ಲಾದ್ರೂ ನನ್ನ ಕೆಲ್ಸ ಓದ್ತಾವ್ರಲ್ಲ ಅಂತ ಖುಸಿ ಆಯ್ತು. ಯಾಕೆ ಏರ್ತು ಅಂತ ಒಳಗೆ ಹೋಗಿ ನೋಡ್ನಿಲ್ಲ. ಬಸ್ಸಲ್ಲಿ ಜನ ಒಂದೇ ದಿನ ಎರಡರಷ್ಟು ಆಗಿದ್ರೆ ಸುಮ್ನೆ ಬುಡ್ತಿದ್ನಾ? ಇದನ್ನ ಬುಟ್ಟೆ." ಕಾಫಿ ಬಂದು ಕೆನೆ ಕಟ್ಟಿತು. "ಆ ಬಾವಿ ನೀರಿನವ್ನ ಫೋನ್ ನಂಬರ್ರು ಐತಾ?"

ಪ್ರಬಂಧದ ಮೊದಲ ಪುಟದಲ್ಲಿದ್ದ ಕಾಲೇಜಿನ ಮೂಲಕ ವಿಚಾರಿಸಿ ನಂಬರು ತೆಗೆದುಕೊಂಡು ಸೋಮವಾರ ಲೈಬ್ರರಿಯಿಂದಲೇ ಕರೆ ಮಾಡಿದೆವು. ಸ್ಪೀಕರ್ ಹಾಕಿದ್ದೆ. ನಾನು ಯಾರು, ಏಕೆ ಕರೆ ಮಾಡಿದ್ದೇನೆ ಎಂದು ಹೇಳುತ್ತಿದ್ದಂತೆ ಆ ಕಡೆ ಗದ್ದಲ ನಿಂತು ಹೋಯಿತು. ಬಹುಶಃ ಆತ ಎದ್ದು ಹೊರಗೆ ಬಂದಿರಬೇಕು.

"ಮೇಡಂ, ಸೂಚಿಯವರಿಗೆ ಎಷ್ಟು ಸಲ ಬರೆದೆ. ಈ ಪ್ರಬಂಧಗಳು ಯಾರ ಪ್ರೊಫೈಲಿನಲ್ಲಿ ಇವೆಯೋ ಅವರು ಒಪ್ಪಬೇಕು ಅಂತಾರೆ. ನಿಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿದ್ದ ವಿಳಾಸಕ್ಕೂ ಬರೆದೆ. ಉತ್ತರ ಬರಲಿಲ್ಲ. ಇಪ್ಪತ್ತು ದಿನದಲ್ಲಿ ನನಗೊಂದು ಕೆಲಸದ ಸಂದರ್ಶನ ಇದೆ. ಅವರು ಪಟ್ಟಿಯನ್ನು ಸೂಚಿಯಿಂದಲೇ ತೆಗೆದುಕೊಳ್ಳುತ್ತಾರಂತೆ. ಅಲ್ಲಿ ನನ್ನ ಹೆಸರಿಗೆ ಇರೋದು ಬರೀ ಎರಡು ಪ್ರಬಂಧ."

ಮೇಡಂ ಫೋನಿನ ಹತ್ತಿರ ಬಗ್ಗಿದರು. "ನಾನೇ ಕಣಪ್ಪ ಆ ಇನ್ನೊಬ್ಳು. ನಿಂದು ನಿಂಗೆ ಬತ್ತದೆ," ಎಂದರು.

ಹೇಳುವಷ್ಟು ಸುಲಭವಾಗಿ ಮಾಡಲು ಬರುತ್ತಿರಲಿಲ್ಲ. ತಿದ್ದುಪಡಿ ಕೇಳಿದರೆ ಸೂಚಿಯವರು ಸರಿಮಾಡಲು ಒಂದೆರಡು ವಾರ ತೆಗೆದುಕೊಳ್ಳುತ್ತಾರೆ. ನಮ್ಮ ಸಮಿತಿ ಬರುವುದೂ ಆ ಹೊತ್ತಿಗೇ. ಈಗ ಕೇಳಿದರೆ ಸಮಿತಿಯವರು ತೆರೆದು ನೋಡುವ ದಿನ ಎಂಟು ಎಂದೇ ಕಾಣುತ್ತದೆ. ಸಮಿತಿ ಹೋದ ಮೇಲೆ ಕೇಳಿದರೆ ಆತನ ಸಂದರ್ಶನ ಮುಗಿದಿರುತ್ತದೆ.

ಪ್ರಿನ್ಸಿಪಾಲರು ಈ ಸಲ ನಮ್ಮಿಬ್ಬರನ್ನೂ ಕೂರಿಸಿಕೊಂಡು ನಿಧಾನವಾಗಿಯೇ ಹೇಳಿದರು. "ತಿದ್ದಬೇಡಿ ಅಂತ ನಾನು ಹೇಳ್ತಾ ಇಲ್ಲ. ಸಮಿತಿ ಹೋಗಲಿ, ಮಾರನೇ ದಿನವೇ ತಿದ್ದಿ. ನಮ್ಮ ಹುಡುಗಿಯ ಭವಿಷ್ಯ ಬಿಟ್ಟು ಯಾವುದೋ ಊರಿನವನ ಭವಿಷ್ಯ ನೋಡ್ತೀರಾ?"

ಕನಕಪುರದ ಹುಡುಗಿ ಅಷ್ಟರಲ್ಲಿ ವಿಷಯ ತಿಳಿದು ಲೈಬ್ರರಿಗೆ ಬಂದು ಕಾಯುತ್ತಿದ್ದಳು. ಮೆಲು ಮಾತಿನವಳು. ಆವತ್ತು ಅವಳ ದನಿಗೆ ಓದುತ್ತ ಕೂತಿದ್ದವರು ತಲೆಯೆತ್ತಿದರು.

"ಮೇಡಂ, ನೀವು ಬಂದು ವರ್ಸ ಆಗ್ನಿಲ್ಲ. ನಾನು ಇಲ್ಲಿ ಐದು ವರ್ಸದಿಂದ ಇವ್ನಿ. ನಮ್ಮನೇಲಿ ಇನ್ನೇನ್ ಮುಗೀತು ಅಂತ ಮದ್ವೆ ಮಾತು ಎತ್ತವ್ರೆ. ಈಗ ಮೊದ್ಲಿಂದ ಸುರು ಮಾಡು ಅಂದ್ರೆ ನಮ್ಮಪ್ಪ ಓದು ಸಾಕು ಬುಡು ಅಂತಾರೆ. ಆ ಚುಕ್ಕಿ ನೀವು ನೋಡ್ದಿದ್ರೆ ಏನಾಯ್ತಿತ್ತು?"

ನನ್ನ ಹಿಂದೆಯೇ ಬಂದಿದ್ದ ಮೇಡಂ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ನಿಂಗೆ ತೊಂದ್ರೆ ಆಗದಂಗೆ ನೋಡ್ಕತೀನಿ ಅಂತ ಮಾತು ಕೊಡಕ್ಕೆ ಆಗಕಿಲ್ಲ ಕಣವ್ವ. ಆದ್ರೂ ನಾನು ಈಗ್ಲೇ ಕಳಿಸ್ತೀನಿ. ನಿನ್ ಮುಂದೇನೇ ಕಳಿಸ್ತೀನಿ," ಎಂದರು. ನನ್ನ ಕಂಪ್ಯೂಟರಿನಲ್ಲಿ ತಮ್ಮ ಖಾತೆ ತೆರೆದು ಆ ಆರು ಪ್ರಬಂಧಗಳನ್ನು ಗುರುತು ಹಾಕಿ, ಇವು ನನ್ನವಲ್ಲ ಎನ್ನುವ ಕಡೆ ಒತ್ತಿದರು. ಪುಕ್ಕಟೆ ತಾಣದಲ್ಲಿ ಆಗಿಂದಾಗಲೇ ಅಳಿಸಿಹೋದವು, ಉಳಿದೆರಡು ಸೂಚಿಗಳಿಗೆ ತಿದ್ದುಪಡಿಯ ಕೋರಿಕೆ ಹೋಯಿತು. ಹುಡುಗಿ ಎದ್ದು ಹೊರಟುಹೋದಳು.

ಉಳಿದ ದಿನಗಳಲ್ಲಿ ನಾನು ಮಾಡಬಹುದಾಗಿದ್ದದ್ದು ಒಂದೇ. ಅವರದಲ್ಲದ್ದನ್ನು ತೆಗೆದಂತೆ, ಅವರದಾಗಿದ್ದೂ ಕಾಣದೆ ಹೋಗಿರುವುದನ್ನು ಹುಡುಕುವುದು. ಮದುವೆಗೆ ಮುಂಚಿನ ಮೇಡಂ ಅವರ ಪ್ರಬಂಧಗಳು ಯಾವ ಸೂಚಿಯಲ್ಲೂ ಅವರ ಹೆಸರಿಗೆ ಸೇರಿರಲಿಲ್ಲ. ಆಗ ಅವರು ಊರು, ಅಪ್ಪನ ಹೆಸರು, ತಮ್ಮ ಹೆಸರು ಎಂದು ಬರೆಯುತ್ತಿದ್ದರು. ಒಂದು ಪತ್ರಿಕೆ ಅದನ್ನು ಹಿಂದುಮುಂದು ಮಾಡಿತ್ತು. ಇನ್ನೊಂದು ಊರಿನ ಹೆಸರನ್ನೇ ಮನೆತನದ ಹೆಸರು ಎಂದು ತಿಳಿದಿತ್ತು. ಹೀಗಾಗಿ ಮರಳವಾಡಿ ಎನ್ನುವ ಸಂಶೋಧಕರೊಬ್ಬರು ಅಲ್ಲಿ ಒಂಟಿಯಾಗಿ ಕೂತಿದ್ದರು, ಒಂದು ಪ್ರಬಂಧ, ಹದಿನೆಂಟು ಉಲ್ಲೇಖ. ತೋರಿಸಿದಾಗ ಮೇಡಂ ಆ ವಾರದಲ್ಲಿ ಮೊದಲ ಸಲ ಜೋರಾಗಿ ನಕ್ಕರು. "ಎಲಾ, ನಮ್ಮೂರೇ ಪೇಪರ್ ಬರ್ದು ಕುಂತೈತಲ್ಲ!"

ಪ್ರತಿಯೊಂದಕ್ಕೂ ಪುರಾವೆ ಬೇಕಿತ್ತು. ಹಳೆಯ ಸಮ್ಮೇಳನದ ಸಂಪುಟ, ಪದವಿ ಪತ್ರ, ಹೆಸರು ಬದಲಾವಣೆಯ ಗೆಜೆಟ್ ಪ್ರತಿ, ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆ. ದಿನಕ್ಕೆ ಎಷ್ಟೋ ಸಲ ಪುಟವನ್ನು ಹೊಸದಾಗಿ ತೆರೆದು ನೋಡುತ್ತಿದ್ದೆ. ಕೊನೆಗೆ ಸಮಿತಿ ಬರುವ ಹಿಂದಿನ ದಿನ ಎಲ್ಲವೂ ಸರಿಹೋಯಿತು. ಬಾವಿ ನೀರು ಹೋಗಿತ್ತು, ಮರಳವಾಡಿ ಬಂದಿತ್ತು. ಸಂಖ್ಯೆ ಒಂಬತ್ತು. ಹತ್ತನೆಯ ಪ್ರಬಂಧಕ್ಕೆ ಒಂದೇ ಒಂದು ಉಲ್ಲೇಖ ಕಡಿಮೆ. ಎಲ್ಲಾದರೂ ಬಿಟ್ಟಿದ್ದೇನೋ ಎಂದು ಮತ್ತೆ ಹುಡುಕಿದೆ. ಇರಲಿಲ್ಲ.

ಎಣಿಸುವುದರ ಜೊತೆಗೆ ಉಲ್ಲೇಖಗಳನ್ನು ಓದಲೂ ಶುರುಮಾಡಿದ್ದೆ. ಯಾರು ಏಕೆ ಉಲ್ಲೇಖಿಸಿದ್ದಾರೆ ಎಂದು ಒಂದೊಂದಕ್ಕೂ ಒಂದು ಸಾಲು ಬರೆದೆ. ಕೆಲವರು ಬರೀ ಹೆಸರು ಹೇಳಿ ಮುಂದೆ ಹೋಗಿದ್ದರು. ಕೆಲವರು ಅವರ ವಿಧಾನವನ್ನೇ ತಮ್ಮ ಊರಿನ ಬಸ್ಸುಗಳಿಗೆ ಬಳಸಿದ್ದರು. ಒಬ್ಬರು ಈ ಮಾದರಿ ಭಾನುವಾರದ ಜನರನ್ನು ತೀರಾ ಕಡಿಮೆ ಅಂದಾಜು ಮಾಡುತ್ತದೆ ಎಂದು ಟೀಕಿಸಿದ್ದರು. ಅದನ್ನೂ ವರದಿಯಲ್ಲಿ ಹಾಕಬೇಕೇ ಎಂದು ಕೇಳಿದೆ. "ಹಾಕಮ್ಮ. ಸರಿಯಾಗೇ ಬೈದವ್ನೆ. ಅದ್ಕೇ ಅಲ್ವಾ ನಾನು ಮಾಗಡೀಲಿ ಬಿಸ್ಲಲ್ಲಿ ನಿಂತಿದ್ದು," ಎಂದರು.

ಸಮಿತಿಯಲ್ಲಿ ಮೂವರಿದ್ದರು. ಅಧ್ಯಕ್ಷರು ವಯಸ್ಸಾದವರು, ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡಿದ್ದರು.

"ಹೋದ ಸಲ ಹನ್ನೆರಡು. ಈಗ ಒಂಬತ್ತು. ಎಚ್-ಇಂಡೆಕ್ಸ್ ಇಳಿಯೋದನ್ನ ನಾನು ಎಲ್ಲೂ ನೋಡಿಲ್ಲ. ಇದಕ್ಕೆ ಸಹಿ ಹಾಕಿರೋರು ಯಾರು?"

"ನಾನು ಸರ್," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಇನ್ನೊಮ್ಮೆ ಕೇಳಿದರು, ನಾನು ಇನ್ನೊಮ್ಮೆ ಹೇಳಿದೆ. ಪ್ರಿನ್ಸಿಪಾಲರು ಕಿಟಕಿಯ ಕಡೆ ನೋಡುತ್ತಿದ್ದರು. ನಕ್ಷೆ ತೆಗೆದು ಎರಡು ಗುಂಪುಗಳನ್ನು ತೋರಿಸಿದೆ, ಹೆಸರು ಹೇಗೆ ಕೂಡಿಕೊಂಡಿತು, ಹೇಗೆ ಬಿಡಿಸಿದೆವು ಎಂದು ವಿವರಿಸಿದೆ. ಮಧ್ಯೆ ಒಂದು ಹಾಳೆ ಜಾರಿ ಕೆಳಗೆ ಬಿತ್ತು. ಸಮಿತಿಯ ಮಹಿಳೆಯೊಬ್ಬರು ಬಗ್ಗಿ ಎತ್ತಿಕೊಟ್ಟು, "ಇದನ್ನ ನಾವು ಹೇಳೋ ಮೊದಲೇ ತಿದ್ದಿಸಿದವರು ಯಾರು?" ಎಂದರು.

"ನಾನೇ ಒಪ್ಪಿ ತೆಗೆಸಿದೆ. ಅದು ಎರಡು ವರ್ಷ ನನ್ನ ಹೆಸರಲ್ಲಿ ಇದ್ದದ್ದಕ್ಕೂ ನಾನೇ ಹೊಣೆ," ಎಂದರು ಮೇಡಂ.

ಅಧ್ಯಕ್ಷರು ಅದನ್ನು ಬರೆದುಕೊಂಡರು. ಮೂರನೆಯವರು ಸಹಲೇಖಕರ ಪುಟ ತಿರುವಿ, "ನಿಮ್ಮ ಜೊತೆ ಬರೆದವರಲ್ಲಿ ನಿಮ್ಮ ವಿದ್ಯಾರ್ಥಿಗಳೇ ಹೆಚ್ಚು. ಹೊರಗಿನ ಸಂಸ್ಥೆಗಳು ತೀರ ಕಡಿಮೆ," ಎಂದರು. ಬಾವಿ ನೀರಿನ ಗುಂಪು ಇದ್ದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮೇಡಂ "ಹೌದು ಸರ್" ಎಂದಷ್ಟೇ ಹೇಳಿದರು.

ತೀರ್ಮಾನದ ಪತ್ರ ಬರುವವರೆಗೆ ದಿನವೂ ಟಪಾಲು ನೋಡುತ್ತಿದ್ದೆ. ಮಾನ್ಯತೆ ಸಿಕ್ಕಿತು, ಆದರೆ ಒಂದೇ ವರ್ಷಕ್ಕೆ. ಹೊರಗಿನ ಸಹಯೋಗ ಸಾಲದು ಎಂದು ಬರೆದಿದ್ದರು. ಹೊಸ ವಿದ್ಯಾರ್ಥಿಗಳನ್ನು ಸೇರಿಸುವಂತಿಲ್ಲ. ಈಗಾಗಲೇ ಇರುವವರು ಮುಗಿಸಬಹುದು. ಆ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ನನ್ನ ಕೆಲಸವನ್ನು ಆರು ತಿಂಗಳಿಗೆ ಮುಂದುವರಿಸಿದರು. ಪ್ರಿನ್ಸಿಪಾಲರು ಕಾಗದ ಕೊಡುತ್ತ, "ನೀವು ಬರೆದದ್ದು ತಪ್ಪಲ್ಲ. ಬರೆದ ಹೊತ್ತು ಸರಿಯಿರಲಿಲ್ಲ," ಎಂದರು. ಅವರಿಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ ಎಂದುಕೊಂಡೆ.

ಬಾವಿ ನೀರಿನ ಪ್ರಬಂಧಗಳನ್ನು ಬರೆದವರು ಒಂದು ದಿನ ಕರೆ ಮಾಡಿದ್ದರು. ಕೆಲಸ ಸಿಕ್ಕಿರಲಿಲ್ಲ. "ಸಿಗಲಿಲ್ಲ ಮೇಡಂ, ಇರಲಿ. ಆದರೆ ಸಂದರ್ಶನದಲ್ಲಿ ಅರ್ಧ ಗಂಟೆ ನನ್ನ ಬಾವಿಗಳ ಬಗ್ಗೆಯೇ ಕೇಳಿದರು," ಎಂದರು.

ಕನಕಪುರದ ಹುಡುಗಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಪುಸ್ತಕ ಬೇಕಾದರೆ ಬೇರೆಯವರ ಕೈಯಲ್ಲಿ ಕೇಳಿಸುತ್ತಿದ್ದಳು. ಮೌಖಿಕ ಪರೀಕ್ಷೆ ಮುಗಿದ ಮೇಲೆ ಮಹಾಪ್ರಬಂಧದ ಪ್ರತಿ ಒಪ್ಪಿಸಲು ಲೈಬ್ರರಿಗೆ ಅವಳೇ ಬರಬೇಕಾಯಿತು. ಪ್ರತಿಯನ್ನು ಮೇಜಿನ ಮೇಲಿಟ್ಟು, ರಶೀದಿ ಪಡೆದು, ಹೋಗುವವಳಂತೆ ತಿರುಗಿದಳು. ಮತ್ತೆ ಹಿಂದಕ್ಕೆ ಬಂದು ಎದುರಿನ ಕುರ್ಚಿಯ ತುದಿಯಲ್ಲಿ ಕೂತಳು.

"ನನ್ ಹೆಸ್ರಿಗೂ ಒಂದು ಪ್ರೊಫೈಲ್ ಮಾಡ್ಕೊಡಿ ಮೇಡಂ."

"ಹೆಸರು ಹೇಗೆ ಹಾಕಲಿ?"

"ಪೂರ್ತಿ ಹಾಕಿ. ಇನಿಶಿಯಲ್ ಬ್ಯಾಡ. ಮುಂದಿನ ತಿಂಗ್ಳು ಮದ್ವೆ. ಆದ್ಮೇಲೂ ಇದೇ ಹೆಸ್ರು ಅಂತ ಅವ್ರ ಮನೇಲಿ ಹೇಳ್ಬುಟ್ಟಿವ್ನಿ."

ನಾನು ಅಕ್ಷರ ಅಕ್ಷರವಾಗಿ ಟೈಪು ಮಾಡಿದೆ. ಅವಳು ಪಕ್ಕಕ್ಕೆ ಬಂದು ನಿಂತು ಒಂದೊಂದನ್ನೂ ನೋಡಿದಳು. ಹುಡುಕುವ ಕಡೆ ಒತ್ತಿದೆ. ಎರಡು ಪ್ರಬಂಧಗಳು ಬಂದವು. ಎರಡನ್ನೂ ತೆರೆದು, ಮೊದಲ ಪುಟ ನೋಡಿ, ಮತ್ತೆ ಮುಚ್ಚಿದೆವು. ಎರಡೂ ಅವಳವೇ.